ಕೇಫೇಬ್: ಅಖಾಡದ ಒಂದು ಗುಟ್ಟಿನ ಮಾತು

1975ರ ಅಕ್ಟೋಬರ್ 4ರಂದು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ವಿಲ್ಮಿಂಗ್‌ಟನ್ ಪಟ್ಟಣದ ಹತ್ತಿರ, ಇಂಧನ ಮುಗಿದು ಒಂದು ಪುಟ್ಟ ವಿಮಾನ ನೆಲಕ್ಕೆ ಬಿತ್ತು. ಅದರಲ್ಲಿದ್ದವರು ಅಂದಿನ ಪಂದ್ಯಕ್ಕೆ ಹೊರಟಿದ್ದ ವೃತ್ತಿಪರ ಕುಸ್ತಿಪಟುಗಳು ಮತ್ತು ಅವರ ಜೊತೆಯವರು. ಜಾನಿ ವ್ಯಾಲೆಂಟೈನ್ ಎಂಬ ಹಿರಿಯ ಪಟು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು, ಮತ್ತೆಂದೂ ಕಣಕ್ಕಿಳಿಯಲಿಲ್ಲ. ಮುಂದೆ ದೊಡ್ಡ ಹೆಸರು ಮಾಡಿದ ರಿಕ್ ಫ್ಲೇರ್ ಅವರ ಬೆನ್ನುಮೂಳೆ ಮುರಿಯಿತು. ಪೈಲಟ್ ಆಮೇಲೆ ತೀರಿಕೊಂಡರು. ಟಿಮ್ ವುಡ್ಸ್ ಎಂಬ ಇನ್ನೊಬ್ಬ ಪಟುವಿಗೂ ಪೆಟ್ಟಾಗಿತ್ತು. ಆದರೆ ಆಸ್ಪತ್ರೆಯಲ್ಲಿ ಅವರು ಕಣದ ಹೆಸರು ಹೇಳಲಿಲ್ಲ. ತಮ್ಮ ನಿಜವಾದ ಹೆಸರು ಕೊಟ್ಟು, ತಾನೊಬ್ಬ ಪಂದ್ಯದ ಆಯೋಜಕ ಎಂದು ಬರೆಸಿದರು. ಊರಲ್ಲಿ ಗುಸುಗುಸು ಹಬ್ಬಿದಾಗ ಎರಡೇ ವಾರಗಳಲ್ಲಿ, ಮೈಯ ನೋವು ಮಾಯುವ ಮೊದಲೇ, ಮತ್ತೆ ಕಣಕ್ಕಿಳಿದು ಜನರಿಗೆ ಮುಖ ತೋರಿಸಿದರು.

ಇಷ್ಟೆಲ್ಲ ಯಾಕೆ? ವುಡ್ಸ್ ಅವರದು ಕಣದಲ್ಲಿ ಒಳ್ಳೆಯವನ ಪಾತ್ರ. ವಿಮಾನದಲ್ಲಿ ಅವರ ಪಕ್ಕ ಕೂತಿದ್ದವರದು ಕೆಟ್ಟವರ ಪಾತ್ರ. ಒಬ್ಬರನ್ನೊಬ್ಬರು ಕೊಲ್ಲಲು ಹೊರಟಂತೆ ರಾತ್ರಿ ಕಿರುಚಾಡುವವರು ಹಗಲು ಒಂದೇ ವಿಮಾನದಲ್ಲಿ ಹರಟುತ್ತಾ ಬರುತ್ತಾರೆಂದು ಟಿಕೆಟ್ ಕೊಂಡವರಿಗೆ ಗೊತ್ತಾಗಬಾರದಿತ್ತು. ಮೈ ಜಜ್ಜಿಹೋದ ಹೊತ್ತಿನಲ್ಲೂ ಕಾಪಾಡಬೇಕಾದ ಈ ಗುಟ್ಟಿಗೆ ಆ ಕಸುಬಿನಲ್ಲಿ ಒಂದು ಹೆಸರಿದೆ: ಕೇಫೇಬ್.

ಈ ಪದಕ್ಕೆ ಒಂದೇ ಅರ್ಥವಿಲ್ಲ. ಗೆಲ್ಲುವವರು ಯಾರು, ಸೋಲುವವರು ಯಾರೆಂದು ಮೊದಲೇ ನಿಶ್ಚಯವಾದ ಪಂದ್ಯವನ್ನು ನಿಜವೆಂದೇ ತೋರಿಸಿ ನಡೆಸುವ ಕಟ್ಟುಪಾಡು ಒಂದು ಅರ್ಥ. ಆ ಕಟ್ಟುಪಾಡನ್ನು ಕಣದ ಹೊರಗೂ, ಹೋಟೆಲಿನಲ್ಲಿ, ರಸ್ತೆಯಲ್ಲಿ, ಕೆಲವೊಮ್ಮೆ ಮನೆಯೊಳಗೂ ಪಾಲಿಸುವುದು ಇನ್ನೊಂದು ಅರ್ಥ. ಉಡುಪು ಬದಲಿಸುವ ಕೋಣೆಗೆ ಹೊರಗಿನವರು ಯಾರಾದರೂ ಕಾಲಿಟ್ಟರೆ ಒಬ್ಬರು ಮೆಲ್ಲಗೆ ‘ಕೇಫೇಬ್’ ಎನ್ನುತ್ತಿದ್ದರಂತೆ. ಕೂಡಲೇ ನಗು ನಿಲ್ಲುತ್ತಿತ್ತು, ಹಿಂದಿನ ರಾತ್ರಿ ‘ಕಾಲು ಮುರಿದುಕೊಂಡವನು’ ಕುಂಟತೊಡಗುತ್ತಿದ್ದ. ಕೇಫೇಬ್ ಕಾಯುವುದು, ಕೇಫೇಬ್ ಮುರಿಯುವುದು, ಒಬ್ಬನಿಗೆ ಕೇಫೇಬ್ ಮಾಡುವುದು ಎಂದೆಲ್ಲ ಅದರ ಬಳಕೆ ಇದೆ. ಕೊನೆಯದಕ್ಕೆ, ಒಳಗಿನವನಾದರೂ ಅವನಿಂದ ಸಂಗತಿ ಮುಚ್ಚಿಡುವುದು ಎಂದರ್ಥ.

ಪದದ ಹುಟ್ಟು ಇತ್ಯರ್ಥವಾಗಿಲ್ಲ. ‘ಬಿ ಫೇಕ್’, ಅಂದರೆ ‘ನಟಿಸು’ ಎಂಬ ಮಾತನ್ನು ತಿರುಗಾಮುರುಗಾ ಮಾಡಿದಾಗ ಹುಟ್ಟಿದ ಸದ್ದು ಇದು ಎನ್ನುವುದು ಹೆಚ್ಚು ಜನ ಒಪ್ಪುವ ವಿವರಣೆ. ನಮ್ಮಲ್ಲಿ ಮಕ್ಕಳು ದೊಡ್ಡವರಿಗೆ ಅರ್ಥವಾಗದಿರಲೆಂದು ಪ್ರತಿ ಅಕ್ಷರಕ್ಕೂ ‘ಕ’ ಸೇರಿಸಿ ಮಾತಾಡುವುದಿಲ್ಲವೇ, ಅದೇ ಜಾತಿಯ ಆಟ. ಜಾತ್ರೆಯಿಂದ ಜಾತ್ರೆಗೆ ಅಲೆಯುವ ಮೋಜಿನ ಮಂಡಳಿಗಳ ಜನ ಅಮೆರಿಕದಲ್ಲಿ ಇಂಥದೊಂದು ಕಳ್ಳಭಾಷೆಯನ್ನೇ ಕಟ್ಟಿಕೊಂಡಿದ್ದರು.

ಉರ್ದುವಿನಲ್ಲಿ ಇದಕ್ಕೆ ಹತ್ತಿರದ ಮಾತೊಂದಿದೆ: ‘ನೂರಾ ಕುಸ್ತಿ’. ಇಬ್ಬರು ಪೈಲ್ವಾನರು ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿ ಅದು. ಗಡಿಯಾಚೆಯ ಉರ್ದು ಪತ್ರಿಕೆಗಳೂ ಈಚೆಯ ಹಿಂದಿ ಪತ್ರಿಕೆಗಳೂ ರಾಜಕಾರಣಿಗಳ ಸುಳ್ಳು ಜಗಳಕ್ಕೆ ಈ ಮಾತನ್ನು ಧಾರಾಳವಾಗಿ ಬಳಸುತ್ತವೆ. ಕನ್ನಡದಲ್ಲಾದರೆ ನಾವು ‘ಒಳ ಒಪ್ಪಂದ’ ಎನ್ನುತ್ತೇವೆ, ‘ಹೊಂದಾಣಿಕೆ ರಾಜಕಾರಣ’ ಎನ್ನುತ್ತೇವೆ. ಆದರೆ ಒಂದು ವ್ಯತ್ಯಾಸವಿದೆ. ನೂರಾ ಕುಸ್ತಿ ಎಂಬುದು ಹೊರಗೆ ನಿಂತು ಬೆರಳು ತೋರಿಸುವವರ ಮಾತು, ದೂರಿನ ಮಾತು. ಕೇಫೇಬ್ ಒಳಗಿದ್ದವರ ಮಾತು. ಅದರಲ್ಲಿ ದೂರಿಲ್ಲ, ಒಂದು ಬಗೆಯ ನಿಯತ್ತಿದೆ. ಸುಳ್ಳನ್ನು ಕಾಯುವುದರಲ್ಲೂ ಒಂದು ಅಮಾನತ್ ಇರಬಲ್ಲದು ಎಂಬುದು ಕೇಳಲು ವಿಚಿತ್ರ. ಆದರೆ ಈ ಪದದ ಚರಿತ್ರೆಯೆಲ್ಲ ಅದರ ಸುತ್ತಲೇ ಇದೆ.

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದ ಮೇಲೆ ಊರೂರು ಅಲೆಯುವ ಜಾತ್ರೆ ಮಂಡಳಿಗಳು ಹೆಚ್ಚಿದವು. ಅಂಥ ಮಂಡಳಿಯಲ್ಲಿ ಒಬ್ಬ ಪೈಲ್ವಾನ ಇರುತ್ತಿದ್ದ. ‘ಇವನೆದುರು ಇಷ್ಟು ಹೊತ್ತು ನಿಲ್ಲಬಲ್ಲವರಿಗೆ ಇಷ್ಟು ಡಾಲರ್’ ಎಂದು ಡಂಗುರ ಹೊಡೆಯುತ್ತಿದ್ದರು. ಹಳ್ಳಿಯ ಗಟ್ಟಿಗರು ಒಬ್ಬೊಬ್ಬರಾಗಿ ಬಂದು ಮಣ್ಣು ಮುಕ್ಕುತ್ತಿದ್ದರು. ಕೆಲವೊಮ್ಮೆ ಗುಂಪಿನೊಳಗೆ ಮಂಡಳಿಯವನೇ ಒಬ್ಬ ಹಳ್ಳಿಗನ ವೇಷದಲ್ಲಿ ನಿಂತಿರುತ್ತಿದ್ದ. ಅವನು ಗೆಲ್ಲುವ ಹಾಗೆ ಕಾಣಿಸಿದಾಗ ಬಾಜಿ ಏರುತ್ತಿತ್ತು. ನಿಜದ ಪಂದ್ಯಕ್ಕೆ ‘ಶೂಟ್’, ಮಾತಾಡಿಕೊಂಡ ಪಂದ್ಯಕ್ಕೆ ‘ವರ್ಕ್’, ನಂಬಿ ದುಡ್ಡು ಕಳೆದುಕೊಳ್ಳುವವನಿಗೆ ‘ಮಾರ್ಕ್’ ಎಂಬ ಪದಗಳೆಲ್ಲ ಈ ಜಾತ್ರೆಗಳ ಧೂಳಿನಿಂದಲೇ ಎದ್ದು ಬಂದವು. ಮೋಸ ಯಾವ ಮಟ್ಟಕ್ಕೆ ಬೆಳೆದಿತ್ತೆಂದರೆ, ಅಯೋವಾ ರಾಜ್ಯದ ಕೌನ್ಸಿಲ್ ಬ್ಲಫ್ಸ್ ಪಟ್ಟಣದಲ್ಲಿ ಬೀಡುಬಿಟ್ಟಿದ್ದ ಮ್ಯಾಬ್ರೆ ಎಂಬವನ ತಂಡ ಕುಸ್ತಿ, ಬಾಕ್ಸಿಂಗ್, ಕುದುರೆ ಓಟ ಮೂರನ್ನೂ ಮೊದಲೇ ನಿಶ್ಚಯಿಸಿ ಶ್ರೀಮಂತರನ್ನು ಬೋಳಿಸಿ, 1910ರಲ್ಲಿ ನ್ಯಾಯಾಲಯದಿಂದ ಶಿಕ್ಷೆ ಪಡೆಯಿತು.

ಅದೇ 1910ರಲ್ಲಿ ನಮ್ಮ ಕಡೆಯ ಒಬ್ಬ ಪೈಲ್ವಾನ ಲಂಡನ್ನಿನಲ್ಲಿದ್ದರು. ಗಾಮಾ ಪೈಲ್ವಾನರ ಹೆಸರು ಕೇಳದ ಗರಡಿ ನಮ್ಮಲ್ಲಿ ಯಾವುದಿದೆ? ಆ ವರ್ಷದ ಸೆಪ್ಟೆಂಬರ್ 10ರಂದು ಅವರ ಎದುರು ನಿಂತವರು ಪೋಲೆಂಡಿನ ಸ್ಟಾನಿಸ್ಲಾಸ್ ಬಿಸ್ಕೊ. ನಿಂತವರು ಎನ್ನುವುದಕ್ಕಿಂತ ಮಲಗಿದವರು ಎನ್ನಬೇಕು. ಗಾಮಾ ಅವರ ಹಿಡಿತಕ್ಕೆ ಅಂಜಿ ಎರಡೂವರೆ ಗಂಟೆಯ ಬಹುಪಾಲು ನೆಲಕ್ಕೆ ಕವುಚಿ ಬಿದ್ದುಕೊಂಡೇ ಪಂದ್ಯವನ್ನು ಸಮ ಮಾಡಿಕೊಂಡರು. ವಾರದ ಬಳಿಕ ಮರುಪಂದ್ಯವೆಂದು ಗೊತ್ತಾಗಿತ್ತು. ಬಿಸ್ಕೊ ಬರಲೇ ಇಲ್ಲ. ಹದಿನೆಂಟು ವರ್ಷ ಕಳೆದು 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ.

ಗಾಮಾರ ಕತೆ ಹೇಳುವವರು ಬಿಸ್ಕೊ ಅವರನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಈ ಎರಡು ಭೇಟಿಗಳ ನಡುವೆ ಅಮೆರಿಕದಲ್ಲಿ ಅವರು ಮಾಡಿದ ಕೆಲಸ ಕೇಫೇಬಿನ ಚರಿತ್ರೆಯಲ್ಲಿ ಮರೆಯಲಾಗದ್ದು. 1920ರ ದಶಕದ ಹೊತ್ತಿಗೆ ನಿಜದ ಕುಸ್ತಿ ನೋಡುಗರಿಗೆ ಬೇಸರ ತರಿಸತೊಡಗಿತ್ತು. ಗಂಟೆಗಟ್ಟಲೆ ಇಬ್ಬರು ಒಬ್ಬರ ಮೇಲೊಬ್ಬರು ಬಿದ್ದಿರುವುದನ್ನು ಯಾರು ನೋಡುತ್ತಾರೆ? ಎಡ್ ಲೂಯಿಸ್, ಬಿಲ್ಲಿ ಸ್ಯಾಂಡೊ, ಟೂಟ್ಸ್ ಮೊಂಟ್ ಎಂಬ ಮೂವರು ಸೇರಿ ಕುಸ್ತಿಯನ್ನು ವೇಗದ ನಾಟಕವಾಗಿ ಬದಲಿಸಿದರು. 1925ರ ಜನವರಿಯಲ್ಲಿ ವೇನ್ ಮನ್ ಎಂಬ ಫುಟ್ಬಾಲ್ ಆಟಗಾರನಿಗೆ ಲೂಯಿಸ್ ತಾವೇ ಸೋತು ಅವನನ್ನು ವಿಶ್ವ ಚಾಂಪಿಯನ್ ಮಾಡಿದರು. ಆಳು ಎತ್ತರವಾಗಿದ್ದ, ನೋಡಲು ಚೆನ್ನಾಗಿದ್ದ, ಕುಸ್ತಿ ಮಾತ್ರ ಬರುತ್ತಿರಲಿಲ್ಲ. ಏಪ್ರಿಲ್ 15ರಂದು ಫಿಲಡೆಲ್ಫಿಯಾದಲ್ಲಿ ಅವನ ಕೈಯಲ್ಲಿ ಸೋಲಲು ಕರೆಸಿದ್ದು ವಯಸ್ಸಾಗುತ್ತಿದ್ದ ಬಿಸ್ಕೊ ಅವರನ್ನು. ಎದುರಾಳಿ ಗುಂಪಿನವರು ಬಿಸ್ಕೊ ಜೊತೆ ಬೇರೆಯೇ ಮಾತಾಡಿಕೊಂಡಿದ್ದರು. ಗಂಟೆ ಬಾರಿಸಿದ ಮೇಲೆ ಬಿಸ್ಕೊ ನಿಜವಾಗಿಯೇ ಕುಸ್ತಿ ಆಡಿದರು. ಮನ್ ಪದೇ ಪದೇ ಮಗುವಿನಂತೆ ನೆಲಕ್ಕೆ ಬಿದ್ದ. ಸಾವಿರಾರು ಜನರ ಎದುರು ಚಾಂಪಿಯನ್‌ಗಿರಿ ಕೈತಪ್ಪಿತು. ಹಾಗೇಕೆ ಆಯಿತೆಂದು ಬಾಯಿಬಿಟ್ಟು ದೂರುವ ದಾರಿಯೂ ಆ ಮೂವರಿಗೆ ಇರಲಿಲ್ಲ. ದೂರಿದರೆ ಗುಟ್ಟು ರಟ್ಟಾಗುತ್ತಿತ್ತು!

ಗಾಮಾ ಎದುರು ನಿಜದ ಪಂದ್ಯದಲ್ಲಿ ಮೈಗಳ್ಳತನ ಮಾಡಿದವರು ನಟನೆಯ ಪಂದ್ಯದಲ್ಲಿ ಮೈಮುರಿದು ಆಡಿದರು. ಈ ಘಟನೆಯ ನಂತರ ಪ್ರವರ್ತಕರು ಪಾಠ ಕಲಿತರು. ಪಟ್ಟ ಹೊತ್ತವನು ಬರೀ ನಟನಾದರೆ ಸಾಲದು, ಯಾರಾದರೂ ಮಾತಿಗೆ ತಪ್ಪಿದರೆ ಕೈಕಾಲು ಮುರಿಯುವ ಶಕ್ತಿಯೂ ಅವನಿಗಿರಬೇಕು ಎಂದುಕೊಂಡರು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅರುವತ್ತು ವರ್ಷಗಳ ಬಳಿಕ ಇದು ಇನ್ನೊಬ್ಬರ ಪಾಲಿಗೆ ಬರುತ್ತದೆ.

ಎರಡನೆಯ ಮಹಾಯುದ್ಧದ ನಂತರ ಟೆಲಿವಿಷನ್ ಬಂದಿತು, ಕುಸ್ತಿ ಮನೆಮನೆಗೆ ಹೋಯಿತು. ಈಗ ಪಟ್ಟುಗಳಿಗಿಂತ ಪಾತ್ರಗಳೇ ಮುಖ್ಯವಾದವು. ಒಳ್ಳೆಯವನಿಗೆ ‘ಬೇಬಿಫೇಸ್’, ಹಾಲುಗೆನ್ನೆಯ ಮುಖ. ಕೆಟ್ಟವನಿಗೆ ‘ಹೀಲ್’, ಅಂದರೆ ಹಿಮ್ಮಡಿ. ಕೆಟ್ಟವನನ್ನು ಸೃಷ್ಟಿಸುವ ಸುಲಭದ ದಾರಿ ಅಂದಂದಿನ ಪತ್ರಿಕೆ ತೆರೆದು ನೋಡುವುದು. ಜಪಾನಿನ ಮೇಲೆ ಸಿಟ್ಟಿದ್ದಾಗ ಜಪಾನೀಯರು ಉಪ್ಪೆರಚಿ ಮೋಸ ಮಾಡಿದರು. ಜ್ಯಾಕ್ ಅಡ್ಕಿಸನ್ ಎಂಬ ಟೆಕ್ಸಾಸಿನ ಮನುಷ್ಯ ಫ್ರಿಟ್ಜ್ ಫಾನ್ ಎರಿಕ್ ಎಂಬ ನಾಜಿಯಾದರು. ರಷ್ಯದ ಮೇಲೆ ಸಿಟ್ಟು ಬಂದಾಗ ಯುಗೊಸ್ಲಾವಿಯದಿಂದ ಬಂದ ಕ್ರೊವೇಷಿಯನ್ ಒಬ್ಬರು ನಿಕೊಲಾಯ್ ವೊಲ್ಕಾಫ್ ಆಗಿ ಸೋವಿಯತ್ ರಾಷ್ಟ್ರಗೀತೆ ಹಾಡಿದರು.

ಅರಬನ ಪಾತ್ರ ಮಾತ್ರ ಸುದ್ದಿಗಾಗಿ ಕಾಯಲಿಲ್ಲ. ಅದು ಸದಾ ಸಿದ್ಧವಾಗಿಯೇ ಇತ್ತು. ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ 1926ರಲ್ಲಿ ಹುಟ್ಟಿದ ಎಡ್ವರ್ಡ್ ಫರ್ಹತ್ ಲೆಬನಾನ್ ಮೂಲದ ಕ್ರೈಸ್ತ ಮನೆತನದವರು, ಅಮೆರಿಕದ ಸೇನೆಯಲ್ಲಿದ್ದವರು. ಕಣದಲ್ಲಿ ಅವರ ಹೆಸರು ‘ದಿ ಶೇಖ್’. ಪಂದ್ಯಕ್ಕೆ ಮೊದಲು ಜಾನಮಾಜಿನಂಥ ಚಾಪೆ ಹಾಸಿ, ಮಂಡಿಯೂರಿ ಅಲ್ಲಾಹನಿಗೆ ಪ್ರಾರ್ಥಿಸುವ ನಟನೆ. ಎದ್ದ ಮೇಲೆ ಪೆನ್ಸಿಲಿನಿಂದ ಎದುರಾಳಿಯ ಹಣೆ ಸೀಳುವುದು, ಮುಖಕ್ಕೆ ಬೆಂಕಿಯುಂಡೆ ಎಸೆಯುವುದು. ತಾವು ಹುಟ್ಟಿ ಬೆಳೆದ ಊರಿನ ಇಂಗ್ಲಿಷನ್ನು ಜನರೆದುರು ಆಡುತ್ತಲೇ ಇರಲಿಲ್ಲ. ಡಿಟ್ರಾಯಿಟಿನಲ್ಲಿ ಕುಸ್ತಿಯ ವ್ಯವಹಾರವನ್ನೇ ನಡೆಸುತ್ತಿದ್ದ ಒಬ್ಬ ಚಾಣಾಕ್ಷ ವ್ಯಾಪಾರಿ ಅವರು. 2003ರಲ್ಲಿ ತೀರಿಕೊಳ್ಳುವ ತನಕ ಗುಟ್ಟು ಬಿಡದ ಪಟುವೆಂದು ಈ ಕಸುಬಿನವರು ಇಂದಿಗೂ ಅವರನ್ನು ಹೊಗಳುತ್ತಾರೆ. ಹೊಗಳಿಕೆ ಸರಿಯೇ. ಆದರೆ ಆ ಚಾಪೆ ಅವರದಾಗಿರಲಿಲ್ಲ, ಸಜ್ದಾ ಅವರದಾಗಿರಲಿಲ್ಲ. ಕೇಫೇಬಿಗೆ ಒತ್ತೆಯಿಟ್ಟದ್ದು ಬೇರೆಯವರ ಸ್ವತ್ತನ್ನು.

ನಮ್ಮ ಕರಾವಳಿಯಲ್ಲಿ ಯಕ್ಷಗಾನದ ಮಹಿಷಾಸುರ ಬೆಂಕಿಯ ನಡುವೆ ಅಬ್ಬರಿಸುತ್ತಾ ಬಂದರೆ ಮಕ್ಕಳು ತಾಯಿಯ ಸೆರಗಿನಲ್ಲಿ ಅಡಗುತ್ತವೆ. ಬೆಳಗಾದ ಮೇಲೆ ಅದೇ ಕಲಾವಿದ ಚೌಕಿಯಲ್ಲಿ ಬಣ್ಣ ಒರೆಸಿಕೊಂಡು, ರಸ್ತೆ ಬದಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೆ. ಪಕ್ಕದಲ್ಲಿ ಕೂತವರು ರಾತ್ರಿಯ ವೇಷ ಚೆನ್ನಾಯಿತು ಎನ್ನುತ್ತಾರೆ. ಕೇಫೇಬ್ ಬಣ್ಣ ಒರೆಸಿಕೊಳ್ಳಲು ಬಿಡುವುದಿಲ್ಲ. ಒಳ್ಳೆಯವನಿಗೆ ಇದರಿಂದ ನಷ್ಟವೇನಿಲ್ಲ, ಅಂಗಡಿಯಲ್ಲೂ ಅವನಿಗೆ ಮರ್ಯಾದೆ. ಕೆಟ್ಟವನ ಪಾಡು ಬೇರೆ. ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ 1976ರಲ್ಲಿ ಓಲ್ ಆಂಡರ್ಸನ್ ಎಂಬ ಖಳ ಪಾತ್ರಧಾರಿಗೆ ಪ್ರೇಕ್ಷಕರ ನಡುವಿನಿಂದ ಬಂದ ಮುದುಕನೊಬ್ಬ ಚಾಕುವಿನಿಂದ ಇರಿದ. ಆ ಚಾಕು ಮಾತ್ರ ‘ವರ್ಕ್’ ಆಗಿರಲಿಲ್ಲ.

ಈಗ ಹುಸೇನ್ ಖುಸ್ರೊ ಅಲಿ ವಜೀರಿಯವರ ವಿಷಯಕ್ಕೆ ಬರೋಣ. 1942ರಲ್ಲಿ ಇರಾನಿನ ದಾಮ್‌ಗಾನ್ ಎಂಬ ಊರಲ್ಲಿ ಹುಟ್ಟಿದ ಇವರು ನಿಜವಾದ ಪೈಲ್ವಾನರು. ಇವರ ಆರಾಧ್ಯ ಪುರುಷ ಗುಲಾಮ್‌ರೆಜಾ ತಖ್ತಿ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು, ಇರಾನಿನ ಜನ ‘ಜಹಾನ್ ಪಹಲ್ವಾನ್’ ಎಂದು ಕರೆದವರು. 1968ರ ಜನವರಿಯಲ್ಲಿ ತಖ್ತಿ ತೆಹ್ರಾನಿನ ಹೋಟೆಲೊಂದರಲ್ಲಿ ಹೆಣವಾಗಿ ಸಿಕ್ಕರು. ಆತ್ಮಹತ್ಯೆ ಎಂದಿತು ಸರ್ಕಾರ. ಷಾ ಅವರ ಗುಪ್ತ ಪೊಲೀಸರ ಕೆಲಸ ಎಂದರು ಜನ. ಹೆದರಿ ದೇಶ ಬಿಟ್ಟೆ ಎಂದು ವಜೀರಿ ಹೇಳಿಕೊಂಡಿದ್ದಾರೆ. ಅಮೆರಿಕಕ್ಕೆ ಬಂದು 1971ರಲ್ಲಿ ಗ್ರೀಕೊ-ರೋಮನ್ ಶೈಲಿಯಲ್ಲಿ ಅಲ್ಲಿನ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಮಾರನೆಯ ವರ್ಷದ ಮ್ಯೂನಿಕ್ ಒಲಿಂಪಿಕ್ಸ್‌ಗೆ ಅಮೆರಿಕ ತಂಡದ ಸಹಾಯಕ ತರಬೇತುದಾರರೂ ಆದರು.

ಹೊಟ್ಟೆಪಾಡು ಅವರನ್ನು ವೃತ್ತಿಪರ ಕುಸ್ತಿಗೆ ತಂದಿತು. ತಲೆ ಬೋಳಿಸಿ, ಮೀಸೆ ಹುರಿ ಮಾಡಿ, ತುದಿ ಬಾಗಿದ ಬೂಟು ತೊಡಿಸಿದರು. ನ್ಯೂಯಾರ್ಕಿಗೆ ಬಂದಾಗ ಅವರಿಗಿಟ್ಟ ಹೆಸರು ‘ಗ್ರೇಟ್ ಹುಸೇನ್ ಅರಬ್’! ಇರಾನಿಯೊಬ್ಬನನ್ನು ಅರಬ ಎನ್ನುವುದು ಕೊಡವರನ್ನು ಬಂಗಾಳಿಗಳೆಂದಂತೆ. ಹೆಸರಿಟ್ಟವರಿಗೆ ಅದು ಗೊತ್ತಿರಲಿಲ್ಲವೋ ಬೇಕಿರಲಿಲ್ಲವೋ. ಅದು 1979. ಅದೇ ನವೆಂಬರಿನಲ್ಲಿ ತೆಹ್ರಾನಿನ ಅಮೆರಿಕ ರಾಯಭಾರ ಕಚೇರಿಗೆ ವಿದ್ಯಾರ್ಥಿಗಳು ನುಗ್ಗಿದರು. 444 ದಿನಗಳ ಒತ್ತೆಸೆರೆ ಆರಂಭವಾಯಿತು. ಇರಾನೆಂಬ ಹೆಸರೇ ಈಗ ಸಾಕಷ್ಟು ದುಡ್ಡು ತರುವಂತಾಯಿತು. ಮುಂದೆ ಬಂದ ಹೆಸರು ‘ಐರನ್ ಶೇಖ್’. ಇರಾನಿನ ಧ್ವಜ ಹಿಡಿದು ಬಂದು, ಇರಾನೇ ಮೊದಲು ಎಂದು ಕೂಗಿ, ಅಮೆರಿಕದ ಹೆಸರು ಹೇಳಿ ಉಗುಳುವುದು ಅವರ ರಾತ್ರಿಯ ಪಾಳಿಯ ಕೆಲಸವಾಯಿತು. ಕ್ರಾಂತಿಯ ಇರಾನಿಗೆ ಮರಳುವಂತಿಲ್ಲ, ಷಾನ ಇರಾನಿನಿಂದ ಓಡಿಬಂದವರು. ಅವರು ಯಾವ ಇರಾನಿನ ಪರ ಕೂಗಬೇಕಿತ್ತು?

1983ರ ಡಿಸೆಂಬರ್ 26ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಬ್ ಬ್ಯಾಕ್‌ಲಂಡ್ ಎಂಬ ಅಮೆರಿಕನ್ ನಾಯಕನನ್ನು ‘ಸೋಲಿಸಿ’ ಅವರು ಚಾಂಪಿಯನ್ ಆದರು. ನಾಯಕ ಶರಣಾಗಬಾರದಲ್ಲ, ಆದ್ದರಿಂದ ಅವನ ಮ್ಯಾನೇಜರ್ ಟವೆಲ್ ಎಸೆದು ಸೋಲೊಪ್ಪಿದಂತೆ ಹೆಣೆದಿದ್ದರು. ನಾಲ್ಕು ವಾರಗಳ ನಂತರ, 1984ರ ಜನವರಿ 23ರಂದು, ಅದೇ ಕಣದಲ್ಲಿ ಅವರು ಹಲ್ಕ್ ಹೋಗನ್‌ಗೆ ಸೋತರು. ಆ ರಾತ್ರಿಯಿಂದ ಹೋಗನ್ ದೇಶದ ವೀರನಾದ, ಕುಸ್ತಿ ಕೋಟಿಗಟ್ಟಲೆಯ ಉದ್ಯಮವಾಯಿತು. ಪಂದ್ಯಕ್ಕೆ ಮೊದಲು ಎದುರಾಳಿ ಪ್ರವರ್ತಕರಾದ ತಮ್ಮ ಹಳೆಯ ಗುರುವೇ ಒಂದು ಲಕ್ಷ ಡಾಲರ್‌ನ ಆಸೆ ತೋರಿಸಿದ್ದರೆಂದು ವಜೀರಿ ಹೇಳುತ್ತಿದ್ದರು. ಹೋಗನ್‌ನ ಕಾಲು ಮುರಿದು ಬೆಲ್ಟ್ ತಂದುಕೊಡಬೇಕು, ಅಷ್ಟೆ. ಅದು ಅವರ ಕೈಲಾಗದ ಕೆಲಸವೇನಲ್ಲ. ಹೋಗನ್ ಆಜಾನುಬಾಹು, ಆದರೆ ನಿಜದ ಕುಸ್ತಿಯಲ್ಲಿ ವಜೀರಿಯವರ ಮುಂದೆ ಎಳೆಯ. 1925ರಲ್ಲಿ ಬಿಸ್ಕೊ ಮಾಡಿದ್ದನ್ನು ಅವರು ಇನ್ನೂ ಸುಲಭವಾಗಿ ಮಾಡಬಹುದಿತ್ತು. ಮಾಡಲಿಲ್ಲ. ಒಪ್ಪಿದ ಮಾತಿನಂತೆ ಬಿದ್ದರು, ಮೂರೆಣಿಸುವವರೆಗೆ ಬೆನ್ನು ನೆಲಕ್ಕೆ ಹಚ್ಚಿ ಮಲಗಿದರು. ಇಪ್ಪತ್ತು ಸಾವಿರ ಜನ ಕೂರುವ ಆ ಸಭಾಂಗಣ ಇರಾನಿ ಮೋಸಗಾರ ಬಿದ್ದನೆಂದು ಕುಣಿಯಿತು. ಕೊಟ್ಟ ಮಾತನ್ನು ಅಂದು ಅತಿ ದುಬಾರಿ ಬೆಲೆಗೆ ಉಳಿಸಿಕೊಂಡಿದ್ದವರು ಅದೇ ‘ಮೋಸಗಾರ’ ಎಂಬುದು ನಮಗೆ ಈ ಪದದ ಇಡೀ ಚರಿತ್ರೆಯಲ್ಲೇ ಎದೆಗೆ ತಾಗಿದ ಸಂಗತಿ.

ಗುಟ್ಟು ಬಿರುಕುಬಿಡತೊಡಗಿದ್ದೂ ಆ ವರ್ಷಗಳಲ್ಲೇ. 1984ರ ಡಿಸೆಂಬರಿನಲ್ಲಿ ಜಾನ್ ಸ್ಟಾಸೆಲ್ ಎಂಬ ಟೀವಿ ಪತ್ರಕರ್ತರು ಡೇವಿಡ್ ಶುಲ್ಟ್ಜ್ ಎಂಬ ಪಟುವಿಗೆ ‘ಇದೆಲ್ಲ ಸುಳ್ಳಲ್ಲವೇ’ ಎಂದು ಕೇಳಿದ್ದಕ್ಕೆ ಎರಡೂ ಕಿವಿಗಳಿಗೆ ಎರಡು ಏಟು ಬಿದ್ದವು. ಪ್ರಕರಣ 4,25,000 ಡಾಲರ್‌ಗೆ ರಾಜಿಯಾಯಿತು; ಗುಟ್ಟಿನ ಬೆಲೆ ಡಾಲರ್‌ನಲ್ಲಿ ನಿಗದಿಯಾದ ಅಪರೂಪದ ಸಂದರ್ಭ. 1987ರ ಮೇ 26ರಂದು ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಪೊಲೀಸರು ಒಂದು ಕಾರು ತಡೆದರು. ಒಳಗೆ ಮಾದಕ ವಸ್ತು ಸಿಕ್ಕಿತು. ಕಾರಿನಲ್ಲಿದ್ದವರು ಇಬ್ಬರು: ಐರನ್ ಶೇಖ್, ಮತ್ತು ಅಮೆರಿಕದ ಧ್ವಜ ಹಿಡಿದು ಅವರ ವಿರುದ್ಧ ದೇಶಭಕ್ತಿಯ ಘೋಷಣೆ ಕೂಗಿಸುತ್ತಿದ್ದ ಜಿಮ್ ಡಗ್ಗನ್. ಇಬ್ಬರಿಗೂ ಕೆಲಸ ಹೋಯಿತು. ಕುಸ್ತಿಯ ಜನ ಬೆಚ್ಚಿಬಿದ್ದದ್ದು ಮಾದಕ ವಸ್ತುವಿಗಲ್ಲ; ದೇಶಭಕ್ತನೂ ದೇಶದ ಶತ್ರುವೂ ಒಂದೇ ಕಾರಿನಲ್ಲಿ ಅಕ್ಕಪಕ್ಕ ಕೂತಿದ್ದುದಕ್ಕೆ. ನಮ್ಮ ದೇಶದ ರಾಜಕೀಯ ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣಿಸದಿರಬಹುದು.

ಕಡೆಗೆ ಗುಟ್ಟು ಮುರಿದದ್ದು ಮಾಲೀಕರೇ. 1989ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಯ ಸೆನೆಟ್ ಎದುರು ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯವರು ಇದು ಕ್ರೀಡೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ಕ್ರೀಡೆಯೆಂದಾದರೆ ರಾಜ್ಯದ ಕ್ರೀಡಾ ಆಯೋಗದ ಉಸ್ತುವಾರಿ, ತೆರಿಗೆ ಎಲ್ಲ ಇತ್ತು. ಪಟುಗಳು ಮೂಳೆ ಮುರಿದುಕೊಂಡು ಕಾಪಾಡಿದ ಗುಟ್ಟು ತೆರಿಗೆ ಉಳಿಸಲು ಬಿಕರಿಯಾಯಿತು.

ಅಲ್ಲಿಗೆ ಕೇಫೇಬ್ ಸತ್ತಿತೆಂದು ಬಹಳ ಮಂದಿ ಬರೆದರು. ಸಾಯಲಿಲ್ಲ. ಸುಳ್ಳೆಂದು ಗೊತ್ತಿದ್ದೂ ನಂಬುವವರ ಕಾಲ ಶುರುವಾಯಿತು. ಫ್ರಾನ್ಸಿನ ಚಿಂತಕ ರೊಲಾಂ ಬಾರ್ತ್ 1957ರ ತಮ್ಮ ‘ಮಿಥಾಲಜೀಸ್’ ಪುಸ್ತಕದಲ್ಲಿ ಇದನ್ನು ಮೊದಲೇ ಗುರುತಿಸಿದ್ದರು: ಪಂದ್ಯ ಮೊದಲೇ ನಿಶ್ಚಯವೋ ಅಲ್ಲವೋ ಎಂಬುದು ನೋಡುಗನಿಗೆ ಬೇಕಿಲ್ಲ, ಕಣ್ಣಿಗೆ ಕಾಣುವುದಷ್ಟೇ ಸಾಕು. ಹಾಗಾದರೆ ನಿಜ ಸಂಭವಿಸಿದಾಗ ಅದನ್ನು ಹೇಳುವುದು ಹೇಗೆ? 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಓವನ್ ಹಾರ್ಟ್ ಎಂಬ ಪಟು ಸಭಾಂಗಣದ ಮಾಡಿನಿಂದ ಹಗ್ಗದಲ್ಲಿ ಇಳಿಯುವಾಗ ಕೆಳಗೆ ಬಿದ್ದು ಸತ್ತರು. ವೀಕ್ಷಕ ವಿವರಣೆಗಾರ ಜಿಮ್ ರಾಸ್ ಟೀವಿಯ ಜನರಿಗೆ, ಇದು ಆಟದ ಭಾಗವಲ್ಲ ಎಂದು ಮತ್ತೆ ಮತ್ತೆ ಹೇಳಬೇಕಾಯಿತು. ಪ್ರದರ್ಶನ ಮಾತ್ರ ನಿಲ್ಲಲಿಲ್ಲ.

ವಜೀರಿಯವರಿಗೆ 1991ರಲ್ಲಿ ಮತ್ತೊಂದು ವೇಷ ಸಿಕ್ಕಿತು. ಜನವರಿ 17ರಂದು ಬಾಗ್ದಾದಿನ ಮೇಲೆ ಅಮೆರಿಕದ ವಿಮಾನಗಳು ಬಾಂಬು ಸುರಿಸಿದವು. ಎರಡೇ ದಿನಗಳಲ್ಲಿ ಸಾರ್ಜೆಂಟ್ ಸ್ಲಾಟರ್ ಎಂಬ ಪಟು, ಇರಾಕಿನ ಪರ ನಿಂತ ದ್ರೋಹಿಯ ಪಾತ್ರದಲ್ಲಿ ಚಾಂಪಿಯನ್ ಆದ. ಅವನ ಜೊತೆಗೆ ‘ಜನರಲ್ ಅದ್ನಾನ್’. ಈ ಅದ್ನಾನ್ ಅಲ್‌ಕೈಸಿ ನಿಜವಾಗಿಯೂ ಬಾಗ್ದಾದಿನವರೇ; ಆದರೆ 1970ರ ದಶಕದಲ್ಲಿ ಇದೇ ನ್ಯೂಯಾರ್ಕಿನ ಕಣದಲ್ಲಿ ತಲೆಗೆ ಗರಿ ಸಿಕ್ಕಿಸಿ ‘ಬಿಲ್ಲಿ ವೈಟ್ ವುಲ್ಫ್’ ಎಂಬ ರೆಡ್ ಇಂಡಿಯನ್ ಆಗಿ ಚಪ್ಪಾಳೆ ಗಿಟ್ಟಿಸಿದ್ದರು. ಮೂರನೆಯವರಾಗಿ ವಜೀರಿ ಬಂದರು. ಹೆಸರು ಕರ್ನಲ್ ಮುಸ್ತಫಾ, ಇರಾಕಿ ಸೇನೆಯ ಸಮವಸ್ತ್ರ. 1980ರಿಂದ 1988ರವರೆಗೆ ಎಂಟು ವರ್ಷ ಇರಾನ್ ಮತ್ತು ಇರಾಕ್ ಕಾದಾಡಿ ಲಕ್ಷಾಂತರ ಜನ ಸತ್ತಿದ್ದರು. ಇರಾನಿನ ಮಗ ಆ ಇರಾಕಿನ ಸಮವಸ್ತ್ರ ತೊಟ್ಟು ನಿಂತರೆ ನೋಡುಗರಲ್ಲಿ ಯಾರಿಗೂ ಏನೂ ಅನಿಸಲಿಲ್ಲ. ಅವರ ಕಣ್ಣಿಗೆ ಅರಬ, ಇರಾನಿ, ಇರಾಕಿ ಎಲ್ಲ ಒಂದೇ ಗೋಣಿಯ ಸರಕು.

ಈ ಸರಣಿಯ ಕೊನೆಯ ದೊಡ್ಡ ವೇಷ 2004ರ ಡಿಸೆಂಬರಿನಲ್ಲಿ ಬಂದ ‘ಮುಹಮ್ಮದ್ ಹಸನ್’. ತೊಟ್ಟವರು ಮಾರ್ಕ್ ಕೊಪಾನಿ, ಇಟಲಿ ಮೂಲದ ನ್ಯೂಯಾರ್ಕ್ ರಾಜ್ಯದ ಯುವಕ. ಪಕ್ಕದಲ್ಲಿ ದೈವರಿ ಎಂಬ ಇರಾನ್ ಮೂಲದ ಅಮೆರಿಕನ್, ಫಾರ್ಸಿಯಲ್ಲಿ ಬೈಯುತ್ತಿದ್ದರು. ಜನ ಅರಬಿಯೆಂದು ತಿಳಿಯುತ್ತಿದ್ದರು. ಪಾತ್ರದ ಹೂರಣ ಹೀಗಿತ್ತು: ನಾನು ಅಮೆರಿಕದಲ್ಲೇ ಹುಟ್ಟಿದವನು, 2001ರ ಸೆಪ್ಟೆಂಬರ್ 11ರ ಬಳಿಕ ನನ್ನನ್ನು ಎಲ್ಲರೂ ಸಂಶಯದಿಂದ ನೋಡುತ್ತಿದ್ದಾರೆ. ಈ ಮಾತಿನಲ್ಲಿ ಸುಳ್ಳೆಲ್ಲಿದೆ? ಸಾವಿರಾರು ಮನೆಗಳಲ್ಲಿ ಜನ ಪಿಸುಗುಟ್ಟುತ್ತಿದ್ದ ನಿಜದ ನೋವನ್ನು ಖಳನ ಬಾಯಿಗೆ ತುರುಕಿ, ಅದನ್ನು ಕೇಳಿದೊಡನೆ ಜನ ಛೀ ಥೂ ಎನ್ನುವಂತೆ ಮಾಡಿದ್ದು ಆ ಪಾತ್ರದ ಹೊಸ ಕೌಶಲ. ಹಿಂದಿನವರು ಸುಳ್ಳನ್ನು ನಿಜದಂತೆ ಮಾರಿದ್ದರು. ಇಲ್ಲಿ ನಿಜವನ್ನೇ ಸುಳ್ಳೆಂಬಂತೆ ಮಾರಲಾಯಿತು.

ಆ ದಿನಗಳಲ್ಲಿ ನಮ್ಮ ಓಣಿಯ ಹುಡುಗರೂ ಟೀವಿಯಲ್ಲಿ ಇದನ್ನು ನೋಡುತ್ತಿದ್ದರು. ಸಂಜೆ ಆಟಕ್ಕೆ ಮೊದಲು ಒಬ್ಬ ಹುಡುಗ ಹಸನ್‌ನಂತೆ ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದ. ತನ್ನದೇ ಹೆಸರಿನವನೊಬ್ಬ ಟೀವಿಯಲ್ಲಿದ್ದಾನೆಂಬ ಖುಷಿ ಅವನಿಗೆ. ಯಾವಾಗಲೂ ಅವನೇ ಯಾಕೆ ಸೋಲುತ್ತಾನೆ ಎಂದು ನಮ್ಮನ್ನೊಮ್ಮೆ ಕೇಳಿದ್ದ. ಅದು ಕಂಪನಿಯ ಕತೆ ಕಣೋ ಎಂದಿದ್ದೆವು. ಕತೆ ಬರೆಯುವ ನಮಗೆ ಆ ಉತ್ತರ ಎಷ್ಟು ಬಡವೆಂದು ಆಮೇಲೆ ಹೊಳೆಯಿತು.

2005ರ ಜುಲೈ 4ರಂದು ಒಂದು ದೃಶ್ಯ ಚಿತ್ರೀಕರಿಸಿದರು. ಹಸನ್ ಮಂಡಿಯೂರಿ ಪ್ರಾರ್ಥಿಸುತ್ತಾನೆ. ಮುಸುಕು ಹಾಕಿದ ಐವರು ಬಂದು ಅಂಡರ್‌ಟೇಕರ್ ಎಂಬ ಪಟುವಿನ ಕತ್ತಿಗೆ ತಂತಿ ಬಿಗಿಯುತ್ತಾರೆ. ಅಮೆರಿಕದಲ್ಲಿ ಅದು ಪ್ರಸಾರವಾದದ್ದು ಜುಲೈ 7ರ ರಾತ್ರಿ. ಅಂದು ಬೆಳಿಗ್ಗೆ ಲಂಡನ್ನಿನ ರೈಲು, ಬಸ್ಸುಗಳಲ್ಲಿ ಬಾಂಬು ಸಿಡಿದು 52 ಮಂದಿ ಅಮಾಯಕರು ಸತ್ತಿದ್ದರು. ಗದ್ದಲವೆದ್ದಿತು, ಟೀವಿ ಸಂಸ್ಥೆ ಆ ಪಾತ್ರ ಬೇಡವೆಂದಿತು, ಜುಲೈ 24ರಂದು ಅಂಡರ್‌ಟೇಕರ್ ಕೈಯಲ್ಲಿ ಸೋಲಿಸಿ ಅವನನ್ನು ಕಳಿಸಿಬಿಟ್ಟರು. ಆರು ತಿಂಗಳು ಪ್ರಾರ್ಥನೆಯ ಭಂಗಿಯನ್ನು ಗೇಲಿ ಮಾಡಿದ್ದರ ಬಗ್ಗೆ ಗದ್ದಲವಿರಲಿಲ್ಲ, ವೇಳೆ ತಪ್ಪಿದ್ದಕ್ಕೆ ಗದ್ದಲ. ಕೊಪಾನಿ ಕುಸ್ತಿ ಬಿಟ್ಟು ಶಿಕ್ಷಕರಾದರು, ಬಳಿಕ ಶಾಲೆಯೊಂದರ ಪ್ರಾಂಶುಪಾಲರಾದರು. ಅವರಿಗೆ ಬಣ್ಣ ಒರೆಸಿಕೊಳ್ಳುವುದು ಸಾಧ್ಯವಾಯಿತು. ಮುಹಮ್ಮದ್, ಹಸನ್ ಎಂಬ ಹೆಸರುಗಳನ್ನು ತಂದೆತಾಯಿಯಿಂದ ಪಡೆದವರ ಮಾತು ಬೇರೆ.

ಕೇಫೇಬ್ ಎಂಬ ಪದ ಈಗ ಕುಸ್ತಿಯ ಕೋಣೆಯಲ್ಲಿ ಉಳಿದಿಲ್ಲ. ಅಮೆರಿಕದ ರಾಜಕೀಯ ಬರಹಗಳಲ್ಲಿ ಅದು ಧಾರಾಳವಾಗಿ ಓಡಾಡುತ್ತಿದೆ. 2007ರ ಏಪ್ರಿಲ್ 1ರಂದು ಡಿಟ್ರಾಯಿಟಿನಲ್ಲಿ ಕುಸ್ತಿ ಕಂಪನಿಯ ಒಡೆಯ ವಿನ್ಸ್ ಮೆಕ್‌ಮಹೋನರ ತಲೆಯನ್ನು ಕಣದ ನಡುವೆ ಬೋಳಿಸಿದ ಡೊನಾಲ್ಡ್ ಟ್ರಂಪ್ ಆಮೇಲೆ ಎರಡು ಸಲ ಅಧ್ಯಕ್ಷರಾಗಿ ಆರಿಸಿ ಬಂದರು. ವಿನ್ಸ್ ಅವರ ಪತ್ನಿ ಲಿಂಡಾ 2025ರಲ್ಲಿ ದೇಶದ ಶಿಕ್ಷಣ ಕಾರ್ಯದರ್ಶಿಯಾದರು. 2024ರ ಜುಲೈಯಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶದ ವೇದಿಕೆಯಲ್ಲಿ ಹಲ್ಕ್ ಹೋಗನ್ ಹಳೆಯ ಕಣದಲ್ಲಿದ್ದಂತೆಯೇ ಅಂಗಿ ಹರಿದುಕೊಂಡು ಅಬ್ಬರಿಸಿದರು. ಮರುವರ್ಷ ಜುಲೈ 24ರಂದು ತೀರಿಕೊಂಡರು. ಐರನ್ ಶೇಖ್ ಅದಕ್ಕೆ ಮೊದಲೇ, 2023ರ ಜೂನ್ 7ರಂದು, ಜಾರ್ಜಿಯಾ ರಾಜ್ಯದ ತಮ್ಮ ಮನೆಯಲ್ಲಿ ಕಣ್ಣುಮುಚ್ಚಿದ್ದರು.

ಅವರು ಕಣಕ್ಕೆ ತರುತ್ತಿದ್ದ ಒಂದು ವಸ್ತುವಿನ ಬಗ್ಗೆ ಹೇಳುವುದು ಉಳಿದಿದೆ. ಇರಾನಿನ ಗರಡಿಗೆ ಝೂರ್‌ಖಾನೆ ಎನ್ನುತ್ತಾರೆ, ಬಲದ ಮನೆ. ಯುನೆಸ್ಕೊ 2010ರಲ್ಲಿ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ತಿರುಗಿಸುವ ಮರದ ಭಾರೀ ಗದೆಗಳಿಗೆ ಮೀಲ್ ಎಂದು ಹೆಸರು. ಹಳೆ ಮೈಸೂರಿನ ಗರಡಿಮನೆಗಳ ಗೋಡೆಗೆ ಒರಗಿಸಿಟ್ಟ ಗದೆಗಳನ್ನು ನೋಡಿದವರಿಗೆ ಅವುಗಳ ಗುರುತು ಹತ್ತುತ್ತದೆ. ಕುಸ್ತಿ, ಪೈಲ್ವಾನ ಎಂಬ ನಮ್ಮ ಮಾತುಗಳೇ ಆ ಕಡೆಯ ಫಾರ್ಸಿಯಿಂದ ಬಂದವು. ವಜೀರಿ ಒಂದು ಜೊತೆ ಮೀಲ್‌ಗಳನ್ನು ನ್ಯೂಯಾರ್ಕಿನ ಕಣದ ನಡುವೆ ಇಟ್ಟು, ಯಾರಾದರೂ ತಿರುಗಿಸಿ ನೋಡೋಣ ಎಂದು ಸವಾಲು ಹಾಕುತ್ತಿದ್ದರು. ಬ್ಯಾಕ್‌ಲಂಡ್ ತಿರುಗಿಸಿ ತೋರಿಸಿದಾಗ ಅವರ ಮೇಲೆ ಮೋಸದಿಂದ ಎರಗುವುದು ಬರೆದುಕೊಟ್ಟ ಪಾತ್ರ. ಅದಕ್ಕೆ ಮೊದಲು ವಜೀರಿ ತಾವೇ ಅವನ್ನೆತ್ತಿ, ಹೆಗಲ ಹಿಂದಿನಿಂದ ಒಂದೊಂದಾಗಿ ತಿರುಗಿಸುತ್ತಿದ್ದರು, ಊರಿನ ಉಸ್ತಾದರು ಕಲಿಸಿದ ಲಯದಲ್ಲಿ. ಆ ಭಾರ ನಿಜವಾಗಿತ್ತು, ತೋಳು ನಿಜವಾಗಿತ್ತು. ಅಷ್ಟು ಹೊತ್ತೂ ಜನ ಬೂ ಎಂದು ಕೂಗುತ್ತಿದ್ದರು.